ಎಡಗಡೆಯಿಂದ ಬಿದ್ದ ಬೆಳಕು

2025ರ ನವೆಂಬರ್ 24, ಸೋಮವಾರ. ಹಿಂದೂಪುರ ಪಟ್ಟಣ ಠಾಣೆಯಲ್ಲಿ ಬೆಳಗಿನ ಹಾಜರಿ ಮುಗಿದು ಕಾನ್‌ಸ್ಟೆಬಲ್‌ಗಳು ಟೀ ಲೋಟ ಹಿಡಿದು ನಿಂತಿದ್ದ ಹೊತ್ತಿಗೆ ಬಿಳಿ ನಿಲುವಂಗಿಯ ಫಾದರ್ ಇನ್ನಯ್ಯ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಚರ್ಚಿನ ಕಾವಲುಗಾರ ಅಂಬರೀಶ, ಅವನ ಹಿಂದೆ ಸೆರಗನ್ನು ಬಾಯಿಗೆ ಒತ್ತಿಕೊಂಡ ಅವನ ಹೆಂಡತಿ ಮಲ್ಲೇಶ್ವರಿ. ಪರಿಗಿ ರಸ್ತೆಯ ಆ ಚರ್ಚಿನವರು ಠಾಣೆಗೆ ಬರುವುದು ವರ್ಷಕ್ಕೊಮ್ಮೆ, ಮೆರವಣಿಗೆಗೆ ಅನುಮತಿ ಕೇಳಲು. ಇದು ಅಂಥ ಭೇಟಿಯಲ್ಲ ಎಂದು ನೋಡಿದವರಿಗೇ ಗೊತ್ತಾಗುತ್ತಿತ್ತು.

"ಚಿತ್ರ ಹೋಗಿದೆ ಮೇಡಂ," ಎಂದರು ಫಾದರ್, ಕುರ್ಚಿಯ ಅಂಚಿನಲ್ಲಿ ಕೂತು.

"ಯಾವ ಚಿತ್ರ?" ಇನ್‌ಸ್ಪೆಕ್ಟರ್ ಪದ್ಮಲತಾ ಕೇಳಿದಳು.

"ಬಲಿಪೀಠದ ಪಕ್ಕದ ಗೋಡೆಯಲ್ಲಿದ್ದ ದೊಡ್ಡ ಚಿತ್ರ. ಎಣ್ಣೆ ಬಣ್ಣದ್ದು."

"ಕೊನೆಯದಾಗಿ ನೋಡಿದ್ದು ಯಾವಾಗ?"

"ನಿನ್ನೆ ಸಾಯಂಕಾಲ. ಕ್ರಿಸ್ತರಾಜನ ಹಬ್ಬದ ಪೂಜೆಯಲ್ಲಿ."

"ಬೀಗ ಒಡೆದಿದ್ದಾರಾ?"

"ಇಲ್ಲ. ಪಕ್ಕದ ಬಾಗಿಲಿನ ಚಿಲಕ ಒಳಗಿನಿಂದಲೇ ತೆಗೆದಿತ್ತು."

"ಚರ್ಚ್ ಮುಚ್ಚಿದ್ದು ಯಾರು?"

ಫಾದರ್ ಹಿಂದಕ್ಕೆ ತಿರುಗಿ ನೋಡಿದರು. ಅಂಬರೀಶನೇ, "ನಾನೇ ಮೇಡಂ," ಎಂದ. ಅಷ್ಟಕ್ಕೇ ಠಾಣೆಯಲ್ಲಿದ್ದ ಅರ್ಧ ಜನರ ಮನಸ್ಸಿನಲ್ಲಿ ಕೇಸು ಮುಗಿದುಹೋಯಿತು.

ಫಾದರ್ ತಮ್ಮ ಮೊಬೈಲಿನಲ್ಲಿ ಚಿತ್ರದ ಫೋಟೋ ತೋರಿಸಿದರು. ಮೊದಲ ನೋಟಕ್ಕೆ ಪದ್ಮಲತಾಗೆ ಕಂಡದ್ದು ಬರೀ ಕಪ್ಪು. ಕಣ್ಣು ಹೊಂದಿಕೊಂಡ ಮೇಲೆ ಒಂದು ಮೇಜು, ಅದರ ಸುತ್ತ ಮೂವರು ಗಂಡಸರು. ಎಡಗಡೆ ಮೇಲಿನಿಂದ ಬೆಳಕೊಂದು ಓರೆಯಾಗಿ ಬಿದ್ದು ಮೂವರ ಮುಖವನ್ನಷ್ಟೇ ಹಿಡಿದಿತ್ತು. ನಡುವಿನವನ ಕೈಯಲ್ಲಿ ಮುರಿದ ರೊಟ್ಟಿ. ಬಲಗಡೆಯ ಮುದುಕ ಬೆಚ್ಚಿಬಿದ್ದವನ ಹಾಗೆ ಅವನನ್ನೇ ನೋಡುತ್ತಿದ್ದ.

"ಸತ್ತು ಮತ್ತೆ ಎದ್ದ ಗುರು ಕ್ರಿಸ್ತ ದಾರಿಯಲ್ಲಿ ಜೊತೆಯಾಗಿ ನಡೆದು ಬಂದರೂ ಈ ಶಿಷ್ಯರಿಗೆ ಗುರುತು ಸಿಕ್ಕಿರಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಸಿಕ್ಕಿತು. ಆ ಗಳಿಗೆ ಇದು," ಎಂದರು ಫಾದರ್. "ಇಟಲಿಯ ಹಳೆಯ ಚಿತ್ರವೊಂದರ ನಕಲು. ನಾನೂರು ವರ್ಷದ ಹಿಂದಿನ ಬರೋಕ್ ಕಾಲದ ಚಿತ್ರಕಾರರು ಹೀಗೇ. ಎಲ್ಲವನ್ನೂ ಕತ್ತಲಲ್ಲಿಟ್ಟು ಬೇಕಾದಲ್ಲಿ ಮಾತ್ರ ಬೆಳಕು ಚೆಲ್ಲುತ್ತಿದ್ದರು. ನೂರು ವರ್ಷದ ಹಿಂದೆ ಒಬ್ಬ ಪರದೇಶದ ಪಾದ್ರಿ ಹಡಗಿನಲ್ಲಿ ತಂದದ್ದಂತೆ. ಇಲ್ಲಿಯವರೆಗೆ ಯಾರೂ ಇದರ ಗೊಡವೆಗೆ ಬಂದಿರಲಿಲ್ಲ ಮೇಡಂ. 'ಕಪ್ಪಗಿದೆ, ಏನೂ ಕಾಣಲ್ಲ' ಅಂತ ಎಲ್ಲರೂ ಗೊಣಗುತ್ತಿದ್ದರು."

ಬೆಳಗ್ಗೆ 9.40ಕ್ಕೆ ಎಫ್‌ಐಆರ್ ದಾಖಲಾಯಿತು. ಬಿಎನ್‌ಎಸ್ ದಂಡಸಂಹಿತೆಯ 331 ಮತ್ತು 305ನೇ ಕಲಂ, ಅತಿಕ್ರಮ ಪ್ರವೇಶ ಮತ್ತು ಪೂಜಾಸ್ಥಳಕ್ಕೆ ಸೇರಿದ ವಸ್ತುವಿನ ಕಳವು. ಅದರ ಶಾಯಿ ಆರುವ ಮುಂಚೆಯೇ ಡಿಎಸ್‌ಪಿ ಸಾಹೇಬರ ಫೋನು ಬಂತು. "ಇಂಕೇಮಿ ಕಾವಾಲಮ್ಮಾ? ತಾಳಂಚೆವಿ ವಾಡಿ ದಗ್ಗರೇ ಉಂದಿ ಕದಾ!" ಬೀಗದ ಕೈ ಯಾರ ಹತ್ತಿರ ಇದೆಯೋ ಅವನೇ ಕಳ್ಳ ಎಂಬುದು ಅವರ ಮೂವತ್ತು ವರ್ಷದ ಅನುಭವ. ನಾಳೆ ಬೆಳಗ್ಗೆ ಅಂಬರೀಶನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಹೇಳಿ ಫೋನು ಇಟ್ಟುಬಿಟ್ಟರು. ಆ ಮಾತು ಮೇಜಿನಿಂದ ವರಾಂಡಕ್ಕೆ ಹೇಗೆ ತಲುಪಿತೋ, ಮಲ್ಲೇಶ್ವರಿ ಅಲ್ಲೇ ಕಂಬಕ್ಕೊರಗಿ ಕುಸಿದು ಕೂತಳು.

ಪದ್ಮಲತಾ ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನೇಯನನ್ನು ಕರೆದುಕೊಂಡು ಚರ್ಚಿಗೆ ಹೋದಳು. ರಾಮಾಂಜಿನೇಯ ಠಾಣೆಯ ಹಳೆಯ ಹುಲಿ. ಅವನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು. ಆದರೆ ಕೇಳದೆ ಹೇಳುತ್ತಿರಲಿಲ್ಲ.

ಹಬ್ಬಕ್ಕೆಂದು ಒಳಗೋಡೆಗೆಲ್ಲ ಹೊಸ ಸುಣ್ಣ ಹೊಡೆದಿದ್ದರು. ಇನ್ನೂ ಕೈಗೆ ಮೆತ್ತುತ್ತಿತ್ತು. ಚಿತ್ರವಿದ್ದ ಜಾಗದಲ್ಲಿ ಖಾಲಿ ಚೌಕಟ್ಟು ನೇತಾಡುತ್ತಿತ್ತು. ಅದರ ನೆತ್ತಿಯ ಮೇಲೆ ಹೊಚ್ಚ ಹೊಸ ನಾಲ್ಕು ಎಲ್‌ಇಡಿ ಫೋಕಸ್ ದೀಪಗಳು. ಚಿತ್ರಕ್ಕೆ ದೂಳು ಹತ್ತದಿರಲೆಂದು ಹಬ್ಬಕ್ಕೆ ಮುಂಚೆ ಹಾಕಿಸಿದ್ದ ಗಾಜಿನಂಥ ಪ್ಲಾಸ್ಟಿಕ್ ಹಾಳೆಯನ್ನು ಕಳ್ಳ ಒಂದು ಗೀರೂ ಬೀಳದಂತೆ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ. ಕ್ಯಾನ್ವಾಸನ್ನು ಚೌಕಟ್ಟಿನ ಅಂಚಿಗೆ ಸರಿಯಾಗಿ ನಾಲ್ಕೂ ಕಡೆ ಕೊಯ್ದಿದ್ದ. ಎಲ್ಲೂ ಕೈ ತಪ್ಪಿಲ್ಲ, ಎಳೆ ಹಿಂಜಿಲ್ಲ. ಬೆಳ್ಳಿಯ ಬಟ್ಟಲು, ಕಾಣಿಕೆ ಪೆಟ್ಟಿಗೆ ಇದ್ದ ಹಾಗೇ ಇದ್ದವು.

"ಈ ದೀಪ ಯಾವಾಗ ಹಾಕಿಸಿದ್ದು ಫಾದರ್?"

"ಹೋದ ವಾರ. ಎಲ್ಲರಿಗೂ ಚಿತ್ರ ಚೆನ್ನಾಗಿ ಕಾಣಲಿ ಅಂತ ಕಮಿಟಿಯವರ ಆಸೆ." ಫಾದರ್ ದನಿ ತಗ್ಗಿಸಿದರು. "ನಿಜ ಹೇಳಬೇಕಂದರೆ ದೀಪ ಹಾಕಿದ ಮೇಲೆ ಅದು ಕ್ಯಾಲೆಂಡರ್ ಚಿತ್ರದ ಥರ ಆಗಿಹೋಯ್ತು. ಕತ್ತಲೆಲ್ಲ ಬೂದು ಬಣ್ಣಕ್ಕೆ ತಿರುಗಿತು. ಆ ಹಾಳೆಯ ಮೇಲೆ ನಾಲ್ಕು ದೀಪಗಳೂ ಹೊಳೆಯೋವು. ಅವರು ಪ್ರೀತಿಯಿಂದ ಮಾಡಿಸಿದ್ದು, ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯುತ್ತಿದ್ದಾಗ ರಾಮಾಂಜಿನೇಯ ಚೌಕಟ್ಟಿನ ಕೆಳಗೆ ಬಗ್ಗಿ ಏನನ್ನೋ ಚಿಮಟದಲ್ಲಿ ಎತ್ತಿದ. ಉದ್ದಕ್ಕೆ ಎರಡಾಗಿ ಮುರಿದ ಬ್ಲೇಡಿನ ಒಂದು ಹೋಳು.

"ಇನ್ನೊಂದು ಹೋಳು?"

"ಇಲ್ಲ ಮೇಡಂ. ಇರೋದೂ ಇಲ್ಲ." ಅವನು ತನ್ನ ನುಣ್ಣನೆಯ ಗದ್ದ ಸವರಿಕೊಂಡ. "ನಾವು ಮನೇಲಿ ಬಳಸೋದು ಇಡೀ ಬ್ಲೇಡು. ಹಿಂಗೆ ಮುರಿದು ಅರ್ಧಾನ ಕತ್ತಿಗೆ ಸಿಗಿಸಿಕೊಳ್ಳೋರು ಕಟಿಂಗ್ ಅಂಗಡಿಯೋರು."

ಪದ್ಮಲತಾಗೆ ಅದಕ್ಕಿಂತ ವಿಚಿತ್ರವಾಗಿ ಕಂಡದ್ದು ಗೋಡೆ. ಪಕ್ಕದ ಮೂಲೆಯಲ್ಲಿದ್ದ, ಭಕ್ತರು ಫಾದರ್ ಬಳಿ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯ ಮರದ ಗೂಡಿನಿಂದ ಚಿತ್ರದವರೆಗೂ, ಅಲ್ಲಿಂದ ಪಕ್ಕದ ಬಾಗಿಲಿನವರೆಗೂ, ಹಸಿ ಸುಣ್ಣದ ಮೇಲೆ ಅಂಗೈ ಗುರುತುಗಳು ಸಾಲಾಗಿದ್ದವು. ಪೂಜೆ ಮುಗಿದಾಗ ಕಳ್ಳ ಆ ಗೂಡಿನೊಳಗೆ ಅಡಗಿದ್ದ ಎಂಬುದು ಅದರಿಂದ ಖಚಿತವಾಯಿತು. ಆದರೆ ಚರ್ಚಿನ ನಡುವೆ ಎತ್ತಿನಗಾಡಿ ಹೋಗುವಷ್ಟು ಅಗಲದ ದಾರಿಯಿದೆ. ಬೀದಿದೀಪದ ಬೆಳಕು ಕಿಟಕಿಗಳಿಂದ ಧಾರಾಳವಾಗಿ ಬೀಳುತ್ತದೆ. ಹೀಗಿದ್ದೂ ಗೋಡೆ ತಡಕುತ್ತ ಹೋಗುವವನು ಎಂಥವನು?

"ಇವನಿಗೆ ಕಣ್ಣು ಕಾಣಲ್ಲ ರಾಮಾಂಜಿನೇಯಣ್ಣ," ಎಂದಳು.

ಪಂಚರಲ್ಲೊಬ್ಬ ಕಿಸಕ್ಕನೆ ನಕ್ಕ. ಕುರುಡ ಚಿತ್ರ ಕದಿಯುವುದೆಂದರೆ ಬೋಳುತಲೆಯವನು ಬಾಚಣಿಗೆ ಕದ್ದ ಹಾಗೆ! ರಾಮಾಂಜಿನೇಯ ನಗಲಿಲ್ಲ. ಚಿಮಟದಲ್ಲಿದ್ದ ಬ್ಲೇಡನ್ನೇ ನೋಡುತ್ತ ನಿಂತ.

ಠಾಣೆಗೆ ವಾಪಸಾದಾಗ ಮಧ್ಯಾಹ್ನದ ಊಟದ ಹೊತ್ತು. ಪದ್ಮಲತಾಳ ಡಬ್ಬಿ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ಅದನ್ನು ಕಟ್ಟಿಕೊಂಡವಳೂ ಅವಳೇ, ಬಿಚ್ಚಬೇಕಾದವಳೂ ಅವಳೇ. ಗೋರಂಟ್ಲದಿಂದ ಇಲ್ಲಿಗೆ ವರ್ಗವಾಗಿ ಬಂದಾಗಿನಿಂದ ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಮನೆಯಲ್ಲಿ ಮನುಷ್ಯರ ದನಿಯಿರಲೆಂದು ಟಿವಿಯನ್ನು ಆರಿಸದೆ ಡ್ಯೂಟಿಗೆ ಬರುತ್ತಿದ್ದಳು. ಜನ ಅವಳ ಟೋಪಿ ನೋಡುತ್ತಿದ್ದರು, ಹೆಗಲ ಮೇಲಿನ ನಕ್ಷತ್ರ ನೋಡುತ್ತಿದ್ದರು. ಮಾತಾಡುವಾಗ ಕಣ್ಣನ್ನು ನೆಲಕ್ಕೋ ಗೋಡೆಗೋ ನೆಡುತ್ತಿದ್ದರು. ಅವಳಿಗೆ ಅದು ಅಭ್ಯಾಸವಾಗಿತ್ತು ಎಂದರೆ ಸುಳ್ಳಾದೀತು.

ಅಂಬರೀಶನನ್ನು ಒಳಗೆ ಕರೆಸಿದಳು.

"ಚರ್ಚಿಗೆ ಕಣ್ಣು ಕಾಣದವರು ಯಾರಾದರೂ ಬರ್ತಾರಾ?"

"ಓಬುಳಪತಿಯಣ್ಣ ಬತ್ತಾನೆ ಮೇಡಂ."

"ಯಾರು ಅವನು?"

"ಸ್ಟೇಷನ್ ರೋಡಾಗೆ ಕಟಿಂಗ್ ಅಂಗಡಿ ಇಟ್ಟಿದ್ದೋನು. ಕಣ್ಣು ಮಂಜಾಗಿ ಯಾರದೋ ಕಿವಿ ಕುಯ್ದುಬುಟ್ಟ. ಅವತ್ತೇ ಅಂಗಡಿ ಮುಚ್ಚಿದ. ಆಗಿನಿಂದ ಮಧ್ಯಾಹ್ನ ಆದ್ರೆ ಬಂದು ಆ ಚಿತ್ರದ ಮುಂದೆ ಕುಂತ್ಕಂತಿದ್ದ."

ರಾಮಾಂಜಿನೇಯ ಬಾಗಿಲಲ್ಲಿ ನೆಟ್ಟಗಾದ. ಪದ್ಮಲತಾ ಮುಂದಕ್ಕೆ ಬಾಗಿ ಕೇಳಿದಳು.

"ಇದನ್ನ ಬೆಳಗ್ಗೆ ಯಾಕೆ ಹೇಳಲಿಲ್ಲ?"

"ಅವನಿಗೆ ಎದುರು ನಿಂತಿರೋ ನಾನೇ ಕಾಣಲ್ಲ ಮೇಡಂ, ದನಿ ಕೇಳಿ ಗುರುತು ಹಿಡೀತಾನೆ. ಅವ್ನು ಚಿತ್ರ ತಗಂಡು ಏನ್ ಮಾಡ್ತಾನೆ?"

"ದಿನಾ ಅಲ್ಲೇ ಯಾಕೆ ಕೂರ್ತಿದ್ದ?"

"ತಂಪಿಗೆ ಅಂದ್ಕಂಡಿದ್ದೆ. ಹೆಂಡ್ತಿ ಇಲ್ಲ, ಮಕ್ಳಿಲ್ಲ. ಎಲ್ಲಿಗೆ ಹೋದಾನು ಪಾಪ?"

"ಹೊಸ ದೀಪ ಹಾಕಿದ ಮೇಲೆ ಬಂದಿದ್ದನಾ?"

ಅಂಬರೀಶನ ಮುಖ ನಿಧಾನಕ್ಕೆ ಬಾಡತೊಡಗಿತು.

"ಬಂದಿದ್ದ. 'ಆ ದೀಪ ಆರಿಸ್ಲಾ ಅಂಬರೀಸ' ಅಂದ. ಕಮಿಟಿಯೋರು ಬೈತಾರೆ ಅಂದೆ. ಮಾರನೇ ದಿನಾನೂ ಕೇಳ್ದ. ನಾನು ನಕ್ಬುಟ್ಟೆ ಮೇಡಂ. 'ನಿಂಗ್ಯಾಕಣ್ಣಾ ದೀಪದ ಚಿಂತೆ, ಹತ್ತಿದ್ರೇನು ಆರಿದ್ರೇನು' ಅಂದ್ಬುಟ್ಟೆ." ಅವನು ಕಣ್ಣೊರೆಸಿಕೊಂಡ. "ನನ್ನ ಮದುವೆಗೆ ಮುಖ ತಿದ್ದಿದೋನು ಅವನು."

ಸ್ಟೇಷನ್ ರೋಡಿನಲ್ಲಿ ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಸೈಕಲ್ ರಿಪೇರಿಯ ವೆಂಕಟರಾಯಪ್ಪ ಬೆಳಗ್ಗೆ ತಾನೇ ಓಬುಳಪತಿಯನ್ನು ಕಲ್ಯಾಣದುರ್ಗದ ಬಸ್ಸಿಗೆ ಹತ್ತಿಸಿ ಬಂದಿದ್ದ.

"ಸಾಮಾನೇನಿತ್ತು?"

"ಒಂದು ಚೀಲ. ಕಂಕುಳಲ್ಲಿ ಸುತ್ತಿದ ಚಾಪೆ. ಹಿಡ್ಕಂತೀನಿ ಕೊಡಣ್ಣ ಅಂದ್ರೆ ಕೊಡ್ನಿಲ್ಲ. ಅವರಪ್ಪನ ಮನೆ ಖಾಲಿ ಬಿದ್ದೈತಂತೆ. ಅಲ್ಲೇ ಇರ್ತೀನಿ ಅಂದ."

ಮಡಕಶಿರಾ, ಪಾವಗಡ ದಾಟಿ ಜೀಪು ಓಡಿತು. ಅರ್ಧ ದಾರಿ ಆಂಧ್ರ, ನಡುವೆ ಒಂದಿಷ್ಟು ಕರ್ನಾಟಕ, ಮತ್ತೆ ಆಂಧ್ರ. ನೆಲ ಮಾತ್ರ ಎಲ್ಲೂ ಬದಲಾಗಲಿಲ್ಲ. ಅದೇ ಕೆಂಪು ಹೊಲ, ಕಿತ್ತ ಶೇಂಗಾದ ಬಣವೆ, ದೂರದಲ್ಲಿ ತಿರುಗುವ ಗಾಳಿಯಂತ್ರ. ಪದ್ಮಲತಾ ಫಾದರ್ ಕಳಿಸಿದ್ದ ಫೋಟೋವನ್ನು ದಾರಿಯುದ್ದಕ್ಕೂ ದೊಡ್ಡದು ಮಾಡಿ ನೋಡಿದಳು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಚಿತ್ರದಲ್ಲಿ ತೋರಿಸಿರಲಿಲ್ಲ. ದೀಪವಿಲ್ಲ, ಕಿಟಕಿಯಿಲ್ಲ. ಆದರೂ ಆ ಮುದುಕನ ಹಣೆಯ ಒಂದೊಂದು ಗೆರೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಅವಳಿಗೆ ಏನೋ ಹೊಳೆದ ಹಾಗಾಯಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಬರಲಿಲ್ಲ.

ಕಲ್ಯಾಣದುರ್ಗ ಠಾಣೆಗೆ ಮಾಹಿತಿ ಕೊಟ್ಟು, ಪಂಚರಾಗಿ ಅಲ್ಲಿನ ಗ್ರಾಮ ಕಂದಾಯಾಧಿಕಾರಿಯನ್ನೂ ಇನ್ನೊಬ್ಬರನ್ನೂ ಕರೆದುಕೊಂಡು ಹೊರಟಾಗ ನಾಲ್ಕು ದಾಟಿತ್ತು. ಹಳೆಯ ಪೇಟೆಯ ಹಿಂದಿನ ಸಂದಿಯಲ್ಲಿ ಹೆಂಚಿನ ಮನೆ. ಎದುರುಮನೆಯ ಗಂಗುಲಮ್ಮ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಒಳಗೇ ಅವ್ನೆ ಕಣಮ್ಮ. ಬಂದಾಗ್ಲಿಂದ ಬಾಗ್ಲು ಹಾಕ್ಕಂಡವ್ನೆ. ಅನ್ನ ಕೊಡ್ತೀನಿ ಬಾ ಅಂದ್ರೆ ಆಮೇಲೆ ಬತ್ತೀನಿ ಅಂದ. ಯಾರ ಜೊತೆಗೋ ಮಾತಾಡ್ತಾವ್ನೆ, ಒಬ್ನೇ ಬಂದಿದ್ದಂಗಿತ್ತಪ್ಪ."

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದರೆ ತೆರೆಯಿತು. ನಡುಮನೆ ಖಾಲಿ. ಅದರಾಚೆ ಅಡುಗೆಮನೆ. ತಲೆಮಾರುಗಳ ಸೌದೆ ಒಲೆಯ ಹೊಗೆಗೆ ಅಲ್ಲಿನ ಗೋಡೆಗಳು ಕಾಡಿಗೆಯ ಹಾಗೆ ಕಪ್ಪಾಗಿದ್ದವು. ಎಡಗೋಡೆಯ ಮೇಲಿನ ಗೂಡು ಕಿಟಕಿಗೆ ಗೋಣಿ ತುರುಕಿ ಒಂದು ಮೂಲೆಯನ್ನಷ್ಟೇ ಬಿಟ್ಟಿತ್ತು. ಅದರಿಂದ ಇಳಿಬಿಸಿಲಿನ ಕೋಲೊಂದು ಓರೆಯಾಗಿ ಬಂದು ಎದುರಿನ ಗೋಡೆಗೆ ಮೊಳೆ ಹೊಡೆದು ಬಿಗಿದಿದ್ದ ಕ್ಯಾನ್ವಾಸಿನ ಮೇಲೆ ಬಿದ್ದಿತ್ತು. ಚಿತ್ರದ ಬೆಳಕೂ ಮನೆಯ ಬೆಳಕೂ ಒಂದೇ ದಿಕ್ಕಿನಿಂದ ಬಂದು ಬೆರೆತು, ಚಿತ್ರದ ಕತ್ತಲೂ ಅಡುಗೆಮನೆಯ ಕತ್ತಲೂ ಒಂದೇ ಆಗಿ, ಮೂವರು ಗಂಡಸರು ಆ ಒಲೆಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಅವರಿಂದ ಒಂದು ಗೇಣು ದೂರದಲ್ಲಿ ಅರವತ್ತರ ಮನುಷ್ಯನೊಬ್ಬ ಚಕ್ಕಳಮಕ್ಕಳ ಹಾಕಿ ಕೂತಿದ್ದ. ರಾಮಾಂಜಿನೇಯನಂಥ ರಾಮಾಂಜಿನೇಯನೂ ಹೊಸಿಲಲ್ಲಿ ನಿಂತುಬಿಟ್ಟ.

"ಓಬುಳಪತಿ ಅಂದರೆ ನೀನೇನಾ?"

"ನಾನೇ. ಪೊಲೀಸ್ನೋರಾ? ಬೂಟಿನ ಸದ್ದು ಕೇಳಿಸ್ತು."

"ಈ ಚಿತ್ರ ತಂದವನು ನೀನೇನಾ?"

"ನಾನೇ ಕಣಮ್ಮ. ಅಂಬರೀಸನಿಗೇನೂ ಗೊತ್ತಿಲ್ಲ. ಅವನ ತಂಟೆಗೆ ಹೋಗ್ಬೇಡಿ."

"ಅವನು ಬೆಳಗ್ಗೆಯಿಂದ ಠಾಣೆಯಲ್ಲಿದ್ದಾನೆ. ನಾಳೆ ಕೋರ್ಟಿಗೆ ಕಳಿಸೋದಿತ್ತು."

ಓಬುಳಪತಿ ಬೆಚ್ಚಿ ಮೇಲೇಳಲು ಹೋದ. ಕೈಗೆ ಗೋಡೆ ಸಿಗದೆ ಮತ್ತೆ ಕೂತ. "ಅಯ್ಯೋ ಕರ್ಮವೇ. ಅವನನ್ನ ಯಾಕಮ್ಮ? ಕುರುಡ ಕದ್ದ ಅಂತ ಯಾರಿಗೂ ಹೊಳೆಯಲ್ಲ ಅಂದ್ಕಂಡೆ. ಬ್ಯಾರೆಯೋರ ಮ್ಯಾಲೆ ಹೋಯ್ತದೆ ಅಂತ ನಂಗೇ ಹೊಳೀನಿಲ್ಲ. ಬೀಗದ ಕೈ ಅವನತ್ರ ಇರ್ತೈತಲ್ವಾ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಪದ್ಮಲತಾ ಅಲ್ಲಿಂದಲೇ ಠಾಣೆಗೆ ಫೋನು ಮಾಡಿ ಅಂಬರೀಶನನ್ನು ಮನೆಗೆ ಕಳಿಸಲು ಹೇಳಿದಳು. ಡಿಎಸ್‌ಪಿ ಸಾಹೇಬರಿಗೂ ಮಾಡಿದಳು. ಅವರು "ಗುಡ್ಡಿವಾಡಾ! ಕುರುಡನಾ!" ಎಂದು ಒಂದು ಸಲ ಉದ್ಗರಿಸಿ, ಆಮೇಲೆ ತಮಗೆ ಮೊದಲೇ ಅನುಮಾನವಿತ್ತೆಂದರು. ಅವಳು ನೆಲದ ಮೇಲೆ ಓಬುಳಪತಿಯ ಎದುರಿಗೆ ಕೂತಳು.

"ಕಣ್ಣಿಗೆ ಏನಾಗಿದೆ?"

"ನರ ಒಣಗೋಗೈತಂತೆ. ಇನ್ನು ಬರಾಕಿಲ್ಲ ಅಂದ್ರು ಆಸ್ಪತ್ರೆಲಿ. ಜನ ಕಾಣ್ತಾರೆ, ಮೊಕ ಕಾಣಲ್ಲ. ಎಲ್ಲಾರ ಮೊಕಕ್ಕೂ ಹಿಟ್ಟು ಬಳಿದಂಗೆ."

"ಚಿತ್ರ ಹೇಗೆ ಕಾಣುತ್ತೆ?"

"ಕರ್ರಗಿರೋದರ ಮ್ಯಾಲೆ ಒಂದೇ ಕಡೆಯಿಂದ ಬೆಳಕು ಬಿದ್ರೆ ಅಷ್ಟು ಕಾಣ್ತೈತೆ, ಹತ್ರ ಕುಂತ್ರೆ. ಒಂದಿನ ಬಿಸಿಲು ತಡೀಲಾರದೆ ಆ ಚರ್ಚಿನಾಗೆ ಕುಂತೆ. ಮಧ್ಯಾಹ್ನದ ಮ್ಯಾಲೆ ಎಡಗಡೆ ಕಿಟಕಿಯಿಂದ ಬಿಸಿಲು ಬಂತು ನೋಡಿ, ಗೋಡೆ ಮ್ಯಾಲೆ ಮೊಕ ಎದ್ವು. ಮೂರು ಮೊಕ. ಕಣ್ಣು, ಮೂಗು, ತುಟಿ ಎಲ್ಲಾ. ಅವತ್ತು ಅಲ್ಲೇ ಅತ್ಬುಟ್ಟೆ."

"ಅವರು ಯಾರು ಗೊತ್ತಾ?"

"ಯಾರೋ ಹೋಟ್ಲಾಗೆ ಕುಂತವ್ರೆ. ಬಲಗಡೆ ಅಜ್ಜ ಗಡ್ಡ ಹೆರೆಸಿ ವಾರ ಆಗೈತೆ. ನಡುವಿನೋನ ಗಡ್ಡ ಚೆನ್ನಾಗಿ ತೀಡಿದ್ದಾರೆ." ಅವನು ಸಣ್ಣಗೆ ನಕ್ಕ. "ನಲವತ್ತು ವರ್ಷ ನಾನು ನೋಡಿದ್ದೆಲ್ಲಾ ಮೊಕ ಕಣಮ್ಮ. ಬೆಳಗ್ಗೆ ಎದ್ರೆ ಯಾರದಾದರೂ ಗದ್ದ ನನ್ನ ಕೈಯಾಗಿರೋದು. ಆಮೇಲೆ ಒಂದೂ ಇಲ್ಲ. ನನ್ನ ಮೊಕಾನೂ ಇಲ್ಲ ಕನ್ನಡೀಲಿ. ಈ ಮೂರೇ ಉಳಿದಿದ್ವು. ಅವುಕ್ಕೂ ದೀಪ ಹಾಕಿ ಅಳಿಸ್ಬುಟ್ರು. ನಾನು ಕೇಳ್ದೆ, ಆರಿಸ್ರಪ್ಪ ಅಂತ."

"ಫಾದರ್‌ಗೆ ಕೇಳಬಹುದಿತ್ತು."

"ಏನಂತ ಕೇಳ್ಲಿ? ನಾನು ಅವರ ಪೈಕಿ ಅಲ್ಲ. ನನ್ನೊಬ್ಬನಿಗೋಸ್ಕರ ಊರೋರ ದೀಪ ಆರಿಸ್ರಿ ಅಂತ ಹೆಂಗ್ ಹೇಳ್ಲಿ?"

ಜಪ್ತಿ ಪಂಚನಾಮೆ ಶುರುವಾಯಿತು. ರಾಮಾಂಜಿನೇಯ ಮೊಳೆಗಳನ್ನು ಒಂದೊಂದಾಗಿ, ಹುಣ್ಣಿನ ಪಟ್ಟಿ ಬಿಡಿಸುವವನ ಹಾಗೆ ಮೆಲ್ಲಗೆ ಕಿತ್ತ. ಕ್ಯಾನ್ವಾಸನ್ನು ಬಣ್ಣ ಉದುರದಂತೆ ಸಡಿಲವಾಗಿ ಸುತ್ತಿ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಕ್ಷೌರದ ಕತ್ತಿ ಮತ್ತು ಬ್ಲೇಡಿನ ಇನ್ನೊಂದು ಹೋಳು ಚೀಲದಲ್ಲಿ ಸಿಕ್ಕವು. ಪಂಚರು ಸಹಿ ಹಾಕಿದರು. ಗೋಡೆ ಬರಿದಾಗಿ ಬಿಸಿಲಿನ ಕೋಲು ಮಸಿಯ ಮೇಲೆ ಸುಮ್ಮನೆ ಬಿದ್ದಿತ್ತು. ಓಬುಳಪತಿ ಅದೇ ಜಾಗಕ್ಕೆ ಮುಖ ಮಾಡಿಕೊಂಡೇ ಕೂತಿದ್ದ. ಅಲ್ಲಿ ಈಗ ಏನೂ ಇಲ್ಲವೆಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ಬಂಧನವನ್ನ ಯಾರಿಗೆ ತಿಳಿಸಬೇಕು? ಬಂಧುಗಳು, ಸ್ನೇಹಿತರು, ಯಾರಾದರೂ ಹೇಳು."

"ಯಾರಿಲ್ಲ."

"ನೆನಪು ಮಾಡಿಕೋ."

"ನೆನಪು ಮಾಡ್ಕಂಡೇ ಹೇಳ್ದೆ ಕಣಮ್ಮ." ಆಮೇಲೆ ಅವನೇ ಕೇಳಿದ. "ನನ್ನ ಹಿಡಿಯೋಕೆ ಬಂದೋರು ಹೆಣ್ಣುಮಗಳು ಅಂತ ಗೊತ್ತಾಯ್ತು. ಹೆಂಗಿದ್ದೀರಿ ಅಂತ ಗೊತ್ತಾಗ್ನಿಲ್ಲ."

ಪದ್ಮಲತಾ ರಾಮಾಂಜಿನೇಯನ ಕಡೆ ನೋಡಿದಳು. ಅವನು ಪಂಚರನ್ನು ಕರೆದುಕೊಂಡು ಹೊರಗೆ ಹೋದ. ಅವಳು ಟೋಪಿ ತೆಗೆದಿಟ್ಟು, ಎದ್ದು ಹೋಗಿ, ಚಿತ್ರವಿದ್ದ ಜಾಗದಲ್ಲಿ ಮಸಿಗೋಡೆಗೆ ಬೆನ್ನು ಕೊಟ್ಟು ಕೂತಳು. ಬಿಸಿಲು ಕೆನ್ನೆಗೆ ಬೆಚ್ಚಗೆ ತಾಗಿತು.

"ಇಲ್ಲಿದ್ದೀನಿ. ನೋಡಿ," ಎಂದಳು.

ಓಬುಳಪತಿ ತೆವಳಿಕೊಂಡು ಹತ್ತಿರ ಬಂದ. ಅವನ ಬೆರಳು ಅಭ್ಯಾಸಬಲದಿಂದ ಅವಳ ಗದ್ದದ ಕೆಳಗೆ ಹೋಗಿ ಮುಖವನ್ನು ಬೆಳಕಿನ ಕಡೆಗೆ ಕೊಂಚ ತಿರುಗಿಸಿತು. ಥಟ್ಟನೆ ಕೈ ಹಿಂದೆಗೆದುಕೊಂಡ.

"ತಪ್ಪಾಯ್ತು ಮೇಡಂ. ಕೈ ಚಾಳಿ."

"ಪರವಾಗಿಲ್ಲ."

ಅವನು ನೋಡಿದ. ಆತುರವಿಲ್ಲದೆ, ಹಣೆಯಿಂದ ಶುರುಮಾಡಿ ಒಂದೊಂದೇ ಅಂಗುಲ ಕೆಳಗಿಳಿಯುತ್ತ ನೋಡಿದ. ಅಷ್ಟು ಹೊತ್ತು ಅವಳ ಮುಖವನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ. ಎಲ್ಲಿಗೆ ಕಣ್ಣು ತಿರುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಅವನನ್ನೇ ನೋಡಿದಳು.

"ಹುಬ್ಬಿನ ಮ್ಯಾಲೆ ಹಳೇ ಗಾಯ ಐತೆ," ಎಂದ ಓಬುಳಪತಿ. "ನಿದ್ದೆ ಸಾಲದು ನಿಮಗೆ. ಇವತ್ತು ಊಟಾನೂ ಮಾಡಿಲ್ಲ."

"ಇಲ್ಲ."

"ಯಾಕೆ ಮಾಡ್ನಿಲ್ಲ ಅಂತ ಕೇಳೋರಿಲ್ವಾ ಮನೇಲಿ?"

ಪದ್ಮಲತಾ ಉತ್ತರ ಕೊಡಲು ಬಾಯಿ ತೆರೆದಳು. ಅಳು ಬಂತು. ಅವನಿಗೆ ಅದೂ ಕಂಡಿರಬೇಕು. ಮತ್ತೇನೂ ಕೇಳದೆ ನೋಡುತ್ತ ಕೂತ. ಬಿಸಿಲು ಅವಳ ಮುಖದಿಂದ ಜಾರಿ ಗೋಡೆಯ ಮೂಲೆಗೆ ಸೇರುವವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಟೋಪಿ ಹಾಕಿಕೊಂಡು, ಬಂಧನದ ಕಾರಣಗಳನ್ನು ಅವನಿಗೆ ಒಂದೊಂದಾಗಿ ಹೇಳಿ, ಕೈ ಹಿಡಿದು ಹೊಸಿಲು ದಾಟಿಸಿದಳು.